ಬೀರು ಲಘುವೂ ಅಲ್ಲ, ಬ್ರಾಂದಿ ಮದ್ದೂ ಅಲ್ಲ

"ನಾನು ಹಾಟ್ ಮುಟ್ಟಲ್ಲ, ಬೀರು ಅಷ್ಟೇ" ಎನ್ನುವವರು ಎಲ್ಲ ಊರಲ್ಲೂ ಇದ್ದಾರೆ. ಆ ಮಾತು ಕೇಳಿ ಮನೆಯವರೂ ಸಮಾಧಾನಪಡುತ್ತಾರೆ. ಬಾಟಲಿಯ ಮೇಲಿನ ಅಂಕಿಗಳನ್ನೇ ಹಿಡಿದು ಲೆಕ್ಕ ಹಾಕಿ ನೋಡಿ. 650 ಮಿ.ಲೀ. ಸ್ಟ್ರಾಂಗ್ ಬೀರಿನಲ್ಲಿ ಶೇ 8ರವರೆಗೆ ಮದ್ಯಸಾರ ಇರುತ್ತದೆ. ಅಂದರೆ 52 ಮಿ.ಲೀ.; ಮದ್ಯಸಾರ ನೀರಿಗಿಂತ ಹಗುರವಾದ್ದರಿಂದ ತೂಕದಲ್ಲಿ ಸುಮಾರು 41 ಗ್ರಾಂ. ಶೇ 42.8ರ ವಿಸ್ಕಿಯ 30 ಮಿ.ಲೀ. ಪೆಗ್ಗಿನಲ್ಲಿ, ಅಂದರೆ ಒಂದು 'ಸ್ಮಾಲ್'ನಲ್ಲಿ, ಇರುವುದು 10 ಗ್ರಾಂ. ಒಂದು ಬೀರು ಮುಗಿಸಿದವನು ನಾಲ್ಕು ಸ್ಮಾಲ್ ಕುಡಿದ ಹಾಗಾಯಿತು. 'ನೈಂಟಿ' ಹಾಕುವವನಿಗಿಂತ ಒಂದು ಸ್ಮಾಲ್ ಜಾಸ್ತಿಯೇ.

ಬಾರ್ಲಿಯಿಂದ ಬರಲಿ, ದ್ರಾಕ್ಷಿಯಿಂದ ಬರಲಿ, ಕಬ್ಬಿನ ಕಾಕಂಬಿಯಿಂದಲೋ ಈಚಲು ಮರದಿಂದಲೋ ಇಳಿದು ಬರಲಿ, ಅಮಲೇರಿಸುವ ವಸ್ತು ಒಂದೇ: ಎಥನಾಲ್. ಲಿವರ್ ಅದನ್ನು ಮೊದಲು ಅಸಿಟಾಲ್ಡಿಹೈಡ್ ಆಗಿ, ಆಮೇಲೆ ಅಸಿಟೇಟ್ ಆಗಿ ಬದಲಾಯಿಸುತ್ತದೆ. ಅಸಿಟೇಟ್ ನಿರುಪದ್ರವಿ, ಕೊನೆಗೆ ನೀರು ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಹೊರಟುಹೋಗುತ್ತದೆ. ನಡುವೆ ಬರುವ ಅಸಿಟಾಲ್ಡಿಹೈಡ್ ವಿಷ. ಅದು ಜೀವಕೋಶದ ಡಿಎನ್‌ಎಯನ್ನು ಕೆಡಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1988ರಲ್ಲೇ ಮದ್ಯವನ್ನು ಕ್ಯಾನ್ಸರ್ ತರುವುದು ಖಚಿತವಾದ ವಸ್ತುಗಳ ಮೊದಲ ಗುಂಪಿಗೇ, ತಂಬಾಕಿರುವ ಗುಂಪಿಗೇ, ಸೇರಿಸಿತು. ಬಾಯಿ, ಗಂಟಲು, ಅನ್ನನಾಳ, ಲಿವರ್, ದೊಡ್ಡ ಕರುಳು, ಹೆಂಗಸರಲ್ಲಿ ಸ್ತನ, ಇಷ್ಟೂ ಕಡೆಯ ಕ್ಯಾನ್ಸರಿಗೆ ಅದರ ನಂಟಿದೆ. ಕೆಂಪು ವೈನ್ ಹೃದಯಕ್ಕೆ ಒಳ್ಳೆಯದು ಎಂಬ ಮಾತು ಹುಟ್ಟಿದ್ದರಲ್ಲಿ ಹಳೆಯ ಲೆಕ್ಕಾಚಾರದ ದೋಷವೂ ಇತ್ತು: ಕಾಯಿಲೆ ಬಿದ್ದು ಕುಡಿತ ಬಿಟ್ಟವರನ್ನೂ 'ಕುಡಿಯದವರು' ಎಂದೇ ಎಣಿಸಿದ್ದರಿಂದ, ಮಿತವಾಗಿ ಕುಡಿಯುವವರು ಅವರಿಗಿಂತ ಗಟ್ಟಿಮುಟ್ಟಾಗಿ ಕಂಡರು.

ಇನ್ನು ಅಮಲು ಇಳಿಸುವ ಉಪಾಯಗಳು. ನಿಂಬೆರಸ, ಮಜ್ಜಿಗೆ, ಕಾಫಿ, ತಣ್ಣೀರ ಸ್ನಾನ ಯಾವುದೂ ರಕ್ತದಲ್ಲಿ ಸೇರಿದ ಮದ್ಯವನ್ನು ಕರಗಿಸುವುದಿಲ್ಲ. ಕಾಫಿ ಕುಡಿದರೆ ಕುಡಿದವನು ಎಚ್ಚರವಾಗುತ್ತಾನೆ, ಅಷ್ಟೇ. ಲಿವರ್ ಗಂಟೆಗೆ ಏಳರಿಂದ ಹತ್ತು ಗ್ರಾಂ ಮಾತ್ರ ಕರಗಿಸುತ್ತದೆ. ಅವಸರಪಡಿಸಿದರೂ ವೇಗ ಹೆಚ್ಚುವುದಿಲ್ಲ. ರಾತ್ರಿ ಹನ್ನೊಂದರ ಹೊತ್ತಿಗೆ ಎರಡು ಸ್ಟ್ರಾಂಗ್ ಮುಗಿಸಿ ಬೆಳಿಗ್ಗೆ ಐದಕ್ಕೆ ಬೈಕ್ ಹತ್ತುವವನ ರಕ್ತದಲ್ಲಿ ಮದ್ಯ ಇನ್ನೂ ಉಳಿದಿರುತ್ತದೆ. ಕಾನೂನಿನ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿಲಿಗ್ರಾಂ. ಹೊಟ್ಟೆ ತುಂಬ ತಿಂದು ಕುಡಿದರೆ ಏರುವುದು ನಿಧಾನವಾಗುತ್ತದೆ, ನಿಜ. ಆದರೆ ಕರಗಿಸುವ ಹೊರೆ ಲಿವರ್‌ಗೆ ತಪ್ಪುವುದಿಲ್ಲ.

ನನಗೆ ಎಲ್ಲಕ್ಕಿಂತ ಸಂಕಟ ತರುವುದು ಔಷಧಿಯ ಹೆಸರಿನಲ್ಲಿ ಕೊಡುವ ಬ್ರಾಂದಿ. ಚಳಿಗೆ ಬಿಸಿಯೆನಿಸುವುದು ಚರ್ಮದ ರಕ್ತನಾಳಗಳು ಹಿಗ್ಗಿ ಒಳಗಿನ ಶಾಖ ಹೊರಗೆ ಬರುವುದರಿಂದ. ಮೈ ಒಳಗೆ ತಣ್ಣಗಾಗುತ್ತಾ ಹೋಗುತ್ತದೆ. ಬಾಣಂತಿಗೆ 'ನಂಜು ಆಗದಿರಲಿ' ಎಂದು ಕೊಟ್ಟದ್ದು ಎದೆಹಾಲಿಗೂ ಇಳಿಯುತ್ತದೆ, ತಾಯಿಯ ರಕ್ತದಲ್ಲಿ ಎಷ್ಟಿದೆಯೋ ಹೆಚ್ಚುಕಡಿಮೆ ಅಷ್ಟೇ ಪ್ರಮಾಣದಲ್ಲಿ. ಶೀತವಾದ ಕೂಸಿಗೆ ಚಮಚದ ತುದಿಯಲ್ಲಿ ನೆಕ್ಕಿಸುವುದಂತೂ ಅಪಾಯ. ಮಗುವಿನ ರಕ್ತದ ಸಕ್ಕರೆ ಇದ್ದಕ್ಕಿದ್ದಂತೆ ಕುಸಿಯಬಹುದು. ಪ್ರೀತಿಯಿಂದಲೇ ಕೊಡುತ್ತಾರೆ, ಆದರೂ ದಯವಿಟ್ಟು ಕೊಡಬೇಡಿ.

'ಎಷ್ಟು ಕುಡಿದರೂ ಏರಲ್ಲ' ಎಂಬುದನ್ನು ಗಟ್ಟಿತನ ಅಂದುಕೊಳ್ಳುತ್ತಾರೆ. ಮಿದುಳು ಮದ್ಯಕ್ಕೆ ಒಗ್ಗಿಕೊಂಡಿದೆ ಎಂಬುದರ ಗುರುತು ಅದು. ಅಂಥವರು ಹಠಕ್ಕೆ ಬಿದ್ದು ಒಂದೇ ದಿನಕ್ಕೆ ಬಿಟ್ಟರೆ ಕೆಲವೇ ಗಂಟೆಗಳಲ್ಲಿ ಕೈನಡುಕ, ಬೆವರು ಶುರುವಾಗುತ್ತವೆ. ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದ ನಡುವೆ ಇಲ್ಲದ್ದು ಕಾಣುವುದು, ಬಡಬಡಿಸುವುದು. 'ಗಾಳಿ ಸೋಕಿದೆ' ಎಂದು ಮನೆಯವರು ಯಂತ್ರ ಕಟ್ಟಿಸಲು ಓಡುತ್ತಾರೆ. ಚಿಕಿತ್ಸೆ ಸಿಗದಿದ್ದರೆ ಈ ಹಂತದಲ್ಲಿ ಪ್ರಾಣ ಹೋಗುವುದುಂಟು. ಕೆಲವು ದಿನದ ಮಾತ್ರೆ, ಬಿ1 ಜೀವಸತ್ವದ ಇಂಜೆಕ್ಷನ್, ವೈದ್ಯರ ಕಣ್ಗಾವಲು ಇದ್ದರೆ ಬಹುತೇಕರು ಪಾರಾಗುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನಕ್ಕೆಂದೇ ವಿಭಾಗವಿದೆ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರೂ ಇದನ್ನು ನೋಡುತ್ತಾರೆ.

ಗೋಡೆಗಳ ಮೇಲೆ ಬರೆಯುವ 'ಗೊತ್ತಾಗದಂತೆ ಊಟದಲ್ಲಿ ಪುಡಿ ಬೆರೆಸಿ ಕುಡಿತ ಬಿಡಿಸಿ' ಎಂಬ ಜಾಹೀರಾತನ್ನು ನಂಬುವ ಹೆಂಡತಿ, ತಾಯಂದಿರ ಹತಾಶೆ ನನಗೆ ಅರ್ಥವಾಗುತ್ತದೆ. ಆದರೆ ಆ ಪುಡಿಯಲ್ಲಿ ಡೈಸಲ್ಫಿರಾಮ್ ಎಂಬ ಔಷಧ ಇದ್ದರೆ ಅದು ಮಾಡುವುದು ಇಷ್ಟು: ಅಸಿಟಾಲ್ಡಿಹೈಡನ್ನು ಕರಗಿಸುವ ಕಿಣ್ವವನ್ನೇ ತಡೆದು, ಆ ವಿಷ ರಕ್ತದಲ್ಲಿ ತುಂಬಿಕೊಳ್ಳುವಂತೆ ಮಾಡುತ್ತದೆ. ತಿಳಿಯದೆ ಕುಡಿದವನ ಮುಖ ಕೆಂಪೇರಿ, ಎದೆ ಡವಗುಟ್ಟಿ, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ಹೃದಯ ದುರ್ಬಲವಿದ್ದರೆ ಜೀವಕ್ಕೇ ಕುತ್ತು. ಪುಡಿ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಅದರ ಪ್ರಭಾವ ಉಳಿಯಬಹುದು. ವೈದ್ಯರೂ ಇದೇ ಔಷಧ ಬಳಸುತ್ತಾರೆ. ಆದರೆ ಹೃದಯ, ಲಿವರ್ ಪರೀಕ್ಷಿಸಿ, ಕುಡಿಯುವವನಿಗೆ ಎಲ್ಲವನ್ನೂ ತಿಳಿಸಿ, ಅವನು ಒಪ್ಪಿದ ಮೇಲೆಯೇ.