ಹೊಸಕುವ ಮುನ್ನ ಒಮ್ಮೆ ಕೊಕ್ಕನ್ನು ನೋಡಿರಿ

ಗೇರು ಚಿಗುರುವ ಕಾಲದ ಒಂದು ಬೆಳಗ್ಗೆ ಐದನೆಯ ತರಗತಿಯ ಬಾಲಕನೊಬ್ಬನು ಬೆಂಕಿಪೊಟ್ಟಣವೊಂದನ್ನು ಹಿಡಿದುಕೊಂಡು ನಮ್ಮ ಕೋಣೆಯ ಬಾಗಿಲಲ್ಲಿ ನಿಂತಿದ್ದನು. ಅವನ ತೋರುಬೆರಳು ಬಾತುಕೊಂಡಿದ್ದಿತು. ಕಣ್ಣುಗಳಲ್ಲಿ ನೀರು ತುಂಬಿದ್ದಿತು. ಮನೆಯ ಗೇರುಮರದ ಚಿಗುರಿನ ಮೇಲೆ ಕಂಡ ಕೀಟವೊಂದನ್ನು ತರಗತಿಗೆ ತಂದು ತೋರಿಸಬೇಕೆಂದು ಹಿಡಿಯಹೋಗಿ ಕಚ್ಚಿಸಿಕೊಂಡಿದ್ದನು. ಪೊಟ್ಟಣವನ್ನು ಅರೆ ತೆರೆದು ನೋಡಿದ ನಾವು, “ಇದು ಗೇರಿನ ಹೂವನ್ನು ಕರಟಿಸುವ ಟೀ ಸೊಳ್ಳೆ, ಕೊಂದುಬಿಡು” ಎಂದೆವು. ಬಾಲಕನು ವಿಧೇಯನಾಗಿ ಚಪ್ಪಲಿಯಿಂದ ಅದನ್ನು ಹೊಸಕಿದನು.

ಬೆರಳು ಬಾತಿದ್ದುದೇ ನಮಗೆ ಸೂಚನೆಯಾಗಬೇಕಾಗಿತ್ತು. ಸಂಶಯ ಬಂದುದು ಸಂಜೆಯ ಹೊತ್ತಿಗೆ. ಜಜ್ಜಿಹೋದ ಕೀಟದ ತಲೆಯ ಭಾಗ ಮಾತ್ರ ಉಳಿದಿದ್ದಿತು. ಭೂತಗನ್ನಡಿಯಲ್ಲಿ ನೋಡಿದಾಗ ಗಿಣಿಯ ಮೂಗಿನಂತೆ ಬಾಗಿದ ದಪ್ಪನೆಯ ಕೊಕ್ಕು ಕಂಡಿತು. ಅದು ಟೀ ಸೊಳ್ಳೆಯಾಗಿರಲಿಲ್ಲ. ಟೀ ಸೊಳ್ಳೆಯನ್ನೇ ಹಿಡಿದು ತಿನ್ನುವ ಹಂತಕ ತಿಗಣೆಯಾಗಿದ್ದಿತು. ಮರುದಿನ ತರಗತಿಯಲ್ಲಿ ನಮ್ಮ ತಪ್ಪನ್ನು ನಾವೇ ಹೇಳಿ ಒಪ್ಪಿಕೊಂಡೆವು. ಅದೇ ಪಾಠವನ್ನು ವಾಚಕರ ಮುಂದಿಡಲು ಈ ಲೇಖನ. ಇಂತಹ ವಿಷಯಗಳ ಕೈಪಿಡಿಗಳು ನಮ್ಮ ಮನೆಗಳ ಹಿರಿಯರು ಓದಬಲ್ಲ ಲಿಪಿಯಲ್ಲಿ ದೊರೆಯುವುದು ಅಪರೂಪವಾದುದರಿಂದ ತುಸು ವಿವರವಾಗಿಯೇ ಬರೆಯುತ್ತಿದ್ದೇವೆ.

ಇವು ಯಾವ ಜೀವಿಗಳು?

ತಿಗಣೆಯೆಂದೊಡನೆ ನಮಗೆ ಮಂಚದ ಸಂದಿಯು ನೆನಪಾಗುವುದು ಸಹಜ. ಆದರೆ ತಿಗಣೆಗಳ ವರ್ಗವು ಬಹಳ ದೊಡ್ಡದು. ಭತ್ತದ ಎಳೆಯ ಕಾಳಿನ ಹಾಲನ್ನು ಹೀರುವ ಬಂಬುಚ್ಚಿಯೂ ಅದರಲ್ಲಿಯೇ ಸೇರಿದೆ. ಈ ವರ್ಗದೊಳಗಿನ ‘ರೆಡುವಿಡೇ’ ಎಂಬ ಕುಟುಂಬದ ಸದಸ್ಯರೇ ಹಂತಕ ತಿಗಣೆಗಳು. ಜಗತ್ತಿನಲ್ಲಿ ಇವುಗಳ ಸುಮಾರು 7,000 ಜಾತಿಗಳನ್ನು ವಿಜ್ಞಾನಿಗಳು ಗುರುತಿಸಿದ್ದಾರೆ. ಇವುಗಳಲ್ಲಿ ಹೆಚ್ಚಿನವು ಗಿಡದ ರಸವನ್ನು ಮುಟ್ಟದೆ ಇತರ ಕೀಟಗಳನ್ನೇ ಬೇಟೆಯಾಡಿ ಬದುಕುತ್ತವೆ. ಬೇಟೆಯ ಮೈಗೆ ಕೊಕ್ಕನ್ನು ಚುಚ್ಚಿ ಲಾಲಾರಸವನ್ನು ಒಳಸೇರಿಸುತ್ತವೆ. ಆ ರಸದಿಂದ ಬೇಟೆಯು ಚಲನೆಗೆಟ್ಟು, ಅದರ ಒಳಗಿನ ಮಾಂಸವು ಕರಗಿ ನೀರಾಗುತ್ತದೆ. ಆ ದ್ರವವನ್ನು ಹಂತಕವು ಹೀರಿಕೊಳ್ಳುತ್ತದೆ. ತನಗಿಂತ ದೊಡ್ಡದಾದ ಕಂಬಳಿಹುಳುವನ್ನೂ ಇದು ಹೀಗೆ ಮುಗಿಸಬಲ್ಲುದು.

ಗುರುತಿಸುವ ಬಗೆ

ಗೊತ್ತಿರುವುದರಿಂದ ಗೊತ್ತಿಲ್ಲದುದರ ಕಡೆಗೆ ಸಾಗಬೇಕೆಂದು ಅಧ್ಯಾಪಕ ತರಬೇತಿಯ ಕಾಲದಲ್ಲಿ ನಮಗೆ ಕಲಿಸಿದ್ದರು. ಆದುದರಿಂದ ಎಲ್ಲರೂ ಕಂಡಿರುವ ಬೆಂಡೆಗಿಡದ ಕೆಂಪು ತಿಗಣೆಯಿಂದಲೇ ಆರಂಭಿಸೋಣ. ಬೆಂಡೆ, ಹತ್ತಿ, ಬೂರುಗಗಳ ಕಾಯಿಯ ಮೇಲೆ ಗುಂಪಾಗಿ ಕುಳಿತಿರುವ, ಹಲವು ವೇಳೆ ಜೋಡಿಯಾಗಿ ಹಿಂದುಮುಂದಾಗಿ ಅಂಟಿಕೊಂಡು ನಡೆಯುವ ಕೀಟವದು. ಅದನ್ನು ಎಲೆಯೊಂದರ ಮೇಲೆ ಮಗುಚಿ ನೋಡಿದರೆ ಸಪೂರವಾದ ನೇರ ಕೊಕ್ಕು ಎದೆಯ ಕೆಳಗೆ ಉದ್ದಕ್ಕೆ ಮಲಗಿರುವುದು ಕಾಣುತ್ತದೆ. ಅದು ನಾಲ್ಕು ಗೆಣ್ಣುಗಳುಳ್ಳದ್ದು, ಸಸ್ಯರಸವನ್ನು ಹೀರತಕ್ಕದ್ದು.

ಇನ್ನು ಅದೇ ಹಿತ್ತಿಲಿನಲ್ಲಿ ಒಂಟಿಯಾಗಿ ಸುಳಿದಾಡುವ ಇನ್ನೊಂದು ಕೆಂಪು-ಕಪ್ಪು ಕೀಟವನ್ನು ಗಮನಿಸಿರಿ. ಇದರ ತಲೆ ಕಿರಿದಾಗಿ ಮುಂದಕ್ಕೆ ಚಾಚಿಕೊಂಡಿದೆ. ಉಬ್ಬಿದ ಕಣ್ಣುಗಳ ಹಿಂದೆ ಸ್ಪಷ್ಟವಾದ ಕುತ್ತಿಗೆಯಿದೆ. ಕೊಕ್ಕು ಗಿಡ್ಡ, ದಪ್ಪ, ಕೊಂಡಿಯಂತೆ ಬಾಗಿದ್ದು, ಸಾಮಾನ್ಯವಾಗಿ ಮೂರು ಗೆಣ್ಣುಗಳುಳ್ಳದ್ದು. ಬಳಸದಿರುವಾಗ ಅದರ ತುದಿಯು ಮುಂಗಾಲುಗಳ ನಡುವಿನ ಗೀರುಗಳುಳ್ಳ ಕಾಲುವೆಯಲ್ಲಿ ಕುಳಿತಿರುತ್ತದೆ. ಹಿಡಿದಾಗ ಇದು ಕೊಕ್ಕಿನ ತುದಿಯನ್ನು ಆ ಗೀರುಗಳ ಮೇಲೆ ಉಜ್ಜಿ ಸಣ್ಣಗೆ ಕಿರ್ರೆಂದು ಸದ್ದು ಮಾಡುವುದೂ ಉಂಟು. ಅನೇಕ ಜಾತಿಗಳಲ್ಲಿ ಹೊಟ್ಟೆಯ ಅಂಚುಗಳು ರೆಕ್ಕೆಯನ್ನು ಮೀರಿ ಇಕ್ಕೆಲಗಳಿಗೂ ಅಗಲವಾಗಿ ಕಾಣುತ್ತವೆ. ಇದೇ ‘ರೈನೋಕೋರಿಸ್’ ಎಂಬ ಹಂತಕ ತಿಗಣೆ. ತರಕಾರಿಯ ಕಾಯಿಕೊರೆಯುವ ಹುಳುಗಳೂ ಎಲೆ ತಿನ್ನುವ ಹುಳುಗಳೂ ಇದರ ಆಹಾರ.

ನಾವು ಮೋಸಹೋದ ಟೀ ಸೊಳ್ಳೆಯ ಗುರುತೂ ಗೊತ್ತಿರಲಿ. ಅದು ಒಂದು ಸೆಂಟಿಮೀಟರಿಗಿಂತಲೂ ಚಿಕ್ಕದು, ಕೆಂಗಂದು ಬಣ್ಣದ್ದು, ಮೀಸೆಗಳು ಮೈಗಿಂತ ಉದ್ದ. ಬೆನ್ನಿನ ಮೇಲೆ ಗುಂಡುಸೂಜಿಯನ್ನು ಚುಚ್ಚಿ ನಿಲ್ಲಿಸಿದಂತೆ ತುದಿಯಲ್ಲಿ ಗುಬುಟುಳ್ಳ ಸಣ್ಣ ಕಡ್ಡಿಯಿರುತ್ತದೆ. ‘ಸೈಕಾನಸ್’ ಎಂಬ ಹಂತಕ ತಿಗಣೆಯ ಬೆನ್ನಿನ ಮೇಲೆಯೂ ಮುಳ್ಳೊಂದಿದೆ. ಆದರೆ ಅದಕ್ಕೆ ಗುಬುಟಿಲ್ಲ, ಮೈ ಟೀ ಸೊಳ್ಳೆಗಿಂತ ಬಹಳ ದೊಡ್ಡದು, ಕೊಕ್ಕು ಬಾಗಿದ್ದು. ಅವಸರದ ಕಣ್ಣಿಗೆ ಉದ್ದ ಕಾಲು, ಸಪೂರ ಮೈ, ಬೆನ್ನಿನ ಮುಳ್ಳು ಇಷ್ಟೇ ಕಂಡು ಎರಡೂ ಒಂದೇ ಎಂದು ತೋರುತ್ತದೆ.

ಇವುಗಳ ಮರಿಗಳಿಗೆ ರೆಕ್ಕೆಯಿಲ್ಲ. ಐದು ಬಾರಿ ಪೊರೆ ಕಳಚಿದ ಬಳಿಕ ರೆಕ್ಕೆಯುಳ್ಳ ಪ್ರೌಢಾವಸ್ಥೆ ಬರುತ್ತದೆ. ಕೆಲವು ಜಾತಿಗಳ ಮೊಟ್ಟೆಗಳು ಪುಟ್ಟ ಮುಚ್ಚಳವಿಟ್ಟ ಸೀಸೆಗಳನ್ನು ಒತ್ತೊತ್ತಾಗಿ ಜೋಡಿಸಿದಂತೆ ಎಲೆಗೋ ತೊಗಟೆಗೋ ಅಂಟಿಕೊಂಡಿರುತ್ತವೆ. ಅಂತಹವನ್ನು ಕಂಡರೆ ಕೆರೆದು ತೆಗೆಯಬೇಡಿರಿ.

ಮನೆಯ ಒಳಗೂ ಜಗಲಿಯಲ್ಲಿಯೂ

ಮನೆಯ ಮೂಲೆಯಲ್ಲಿ ಧೂಳಿನ ಉಂಡೆಯೊಂದು ತಾನಾಗಿ ನಡೆಯುವುದನ್ನು ಕಂಡು ಮಕ್ಕಳು ಬೆಚ್ಚುವುದುಂಟು. ಅದು ‘ಅಕಾಂಥಾಸ್ಪಿಸ್’ ಎಂಬ ಹಂತಕ ತಿಗಣೆಯ ಮರಿಯಾಗಿರಬಹುದು. ಮೈಯಲ್ಲಿ ಜಿನುಗುವ ಅಂಟಿನಿಂದ ಅದು ಮಣ್ಣಿನ ಕಣಗಳನ್ನೂ ತಾನು ತಿಂದುಳಿದ ಇರುವೆಗಳ ಒಣ ದೇಹಗಳನ್ನೂ ಬೆನ್ನಿಗೇರಿಸಿಕೊಂಡು ವೇಷ ಮರೆಸಿಕೊಳ್ಳುತ್ತದೆ. ಜೇಡರ ಬಲೆಯ ಬಳಿ ಸೊಳ್ಳೆಯಂತೆ ತೋರುವ, ದಾರದಂತಹ ಕಾಲುಗಳ ಇನ್ನೊಂದು ಜಾತಿಯಿದೆ. ಅದು ನಾಲ್ಕು ಕಾಲುಗಳಲ್ಲಿ ನಡೆದು, ಮುಂಗಾಲುಗಳೆರಡನ್ನು ಬೇಟೆ ಹಿಡಿಯಲು ಮಡಿಚಿ ಇಟ್ಟುಕೊಂಡಿರುತ್ತದೆ. ಮಳೆಗಾಲದಲ್ಲಿ ಅಂಗಳಕ್ಕೆ ಬರುವ ಸಹಸ್ರಪದಿಗಳನ್ನು, ಎಂದರೆ ಚೋರಟೆಗಳನ್ನು, ತಿನ್ನುವ ಹೊಳಪು ಮೈಯ ಜಾತಿಗಳೂ ಇವೆ.

ಎಚ್ಚರಿಕೆ ಬೇಕಾದುದು ಒಂದರ ವಿಷಯದಲ್ಲಿ. ‘ಟ್ರಯಟೋಮ ರುಬ್ರೊಫಾಸಿಯಾಟ’ ಎಂಬುದು ಇಲಿಗಳ ಬಿಲ, ಹಳೆಯ ಕಟ್ಟಿಗೆಯ ರಾಶಿಗಳಲ್ಲಿ ಅಡಗಿದ್ದು ರಾತ್ರಿ ರಕ್ತ ಹೀರುವ ಜಾತಿ. ಸುಮಾರು ಎರಡು ಸೆಂಟಿಮೀಟರಿಗೂ ಮಿಕ್ಕಿ ಉದ್ದ, ಕಪ್ಪುಗಂದು ಮೈ, ಹೊಟ್ಟೆಯ ಅಂಚಿನಲ್ಲಿ ಕಿತ್ತಳೆಗೆಂಪು ಪಟ್ಟಿ, ಉದ್ದನೆಯ ತಲೆ. ಇದರ ಕೊಕ್ಕು ಮಾತ್ರ ಸಪೂರವಾಗಿ ನೇರವಾಗಿರುತ್ತದೆ. ಇದು ಕಚ್ಚಿದರೆ ಕೆಲವರಿಗೆ ತೀವ್ರವಾದ ಅಲರ್ಜಿಯಾಗಬಹುದು. ಇದರ ಅಮೆರಿಕದ ಬಂಧುಗಳು ಹರಡುವ ಛಾಗಸ್ ರೋಗದ ಸುದ್ದಿಯನ್ನು ಓದಿ ಕೆಲವರು ಗಾಬರಿಯಾಗುತ್ತಾರೆ. ಕಾರ್ಲೊಸ್ ಛಾಗಸ್ ಎಂಬ ವೈದ್ಯನು 1909ರಲ್ಲಿ ಬ್ರೆಜಿಲಿನಲ್ಲಿ ವಿವರಿಸಿದ ಆ ರೋಗವು ಲ್ಯಾಟಿನ್ ಅಮೆರಿಕದ ನೆಲದ್ದು. ನಮ್ಮ ಊರಿನ ತಿಗಣೆ ಕಚ್ಚಿದುದಕ್ಕೆ ಅದನ್ನು ನೆನೆದು ಹೆದರಬೇಕಾಗಿಲ್ಲ. ಇಲಿಗಳನ್ನು ದೂರವಿಟ್ಟು, ಗೋಡೆಯ ಬಿರುಕುಗಳನ್ನು ಮುಚ್ಚಿ, ಕಟ್ಟಿಗೆಯನ್ನು ಮಲಗುವ ಕೋಣೆಯಿಂದ ದೂರ ಜೋಡಿಸಿದರೆ ಸಾಕು.

ಕಚ್ಚಿದಾಗ

ಹಂತಕ ತಿಗಣೆಗಳು ತಾವಾಗಿ ನಮ್ಮ ಮೇಲೆ ಬೀಳುವುದಿಲ್ಲ. ಕೈಯಲ್ಲಿ ಹಿಡಿದಾಗ, ಬಟ್ಟೆಯೊಳಗೆ ಸಿಕ್ಕಿಕೊಂಡಾಗ ಆತ್ಮರಕ್ಷಣೆಗಾಗಿ ಚುಚ್ಚುತ್ತವೆ. ಆ ನೋವು ಮಾತ್ರ ಕಣಜದ ಕಡಿತಕ್ಕೆ ಕಡಿಮೆಯದಲ್ಲ. ಕಚ್ಚಿದ ಜಾಗವನ್ನು ಸಾಬೂನು, ನೀರುಗಳಿಂದ ತೊಳೆದು ತಣ್ಣೀರಿನ ಬಟ್ಟೆಯನ್ನು ಇಡಿರಿ, ತುರಿಸಬೇಡಿರಿ. ಉಸಿರಾಟಕ್ಕೆ ತೊಂದರೆ, ಮುಖ ಅಥವಾ ನಾಲಗೆಯ ಬಾವು, ಮೈತುಂಬ ದದ್ದು, ತಲೆತಿರುಗುವಿಕೆ ಕಂಡರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಮನೆಯೊಳಗೆ ಬಂದ ಕೀಟವನ್ನು ಲೋಟವೊಂದರಿಂದ ಮುಚ್ಚಿ, ಅಡಿಯಿಂದ ದಪ್ಪ ಕಾಗದವನ್ನು ತೂರಿಸಿ ಹೊರಗೆ ಬಿಡಬಹುದು. ನಮ್ಮ ಶಾಲೆಯ ಮಕ್ಕಳು ಈಗ ಹೀಗೆಯೇ ಮಾಡುತ್ತಾರೆ.

ಒಂದು ಹಳೆಯ ನೆನಪು

ಇಷ್ಟೊಂದು ಸಣ್ಣ ಕೀಟದ ಗುರುತಿಗೆ ಇಷ್ಟು ಮಾತೇಕೆ ಎಂದು ಕೆಲವರು ಕೇಳಬಹುದು. ಕಾಸರಗೋಡು ಸೀಮೆಯ ನಾವು ಟೀ ಸೊಳ್ಳೆಯ ಹೆಸರನ್ನು ಸುಲಭವಾಗಿ ಮರೆಯಲಾರೆವು. 1970ರ ದಶಕದ ಉತ್ತರಾರ್ಧದಿಂದ 2000ದವರೆಗೆ ಇಲ್ಲಿಯ ಗೇರುತೋಪುಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದುದು ಈ ಕೀಟವನ್ನು ಕೊಲ್ಲುವುದಕ್ಕಾಗಿಯೇ. ಬಾಲಕರಾಗಿದ್ದ ನಾವು ಆ ಸದ್ದು ಕೇಳಿದೊಡನೆ ಅಂಗಳಕ್ಕೆ ಓಡಿ ಕೈಬೀಸುತ್ತಿದ್ದೆವು. ಎಣ್ಮಕಜೆ, ಪಡ್ರೆಯ ಕಡೆಯ ಮನೆಗಳಲ್ಲಿ ಅನಂತರ ಕಂಡ ಸಂಕಟವನ್ನು ನಮ್ಮ ವಾಚಕರಿಗೆ ಹೊಸದಾಗಿ ವಿವರಿಸಬೇಕಾಗಿಲ್ಲ. 2011ರ ಮೇ 13ರಂದು ಸರ್ವೋಚ್ಚ ನ್ಯಾಯಾಲಯವು ದೇಶದಾದ್ಯಂತ ಅದರ ತಯಾರಿಕೆ, ಮಾರಾಟ, ಬಳಕೆಗಳನ್ನು ತಡೆಯಿತು. ಮೇಲಿನಿಂದ ಸುರಿದ ವಿಷವು ಟೀ ಸೊಳ್ಳೆಯನ್ನೂ ಅದನ್ನು ತಿನ್ನುವವನ್ನೂ ಬೇರೆಬೇರೆಯಾಗಿ ಗುರುತಿಸಲಾರದು. ಅದೇ ಚಿಗುರಿನ ಮೇಲೆ ಕುಳಿತು ಟೀ ಸೊಳ್ಳೆಯನ್ನು ಬೇಟೆಯಾಡುವ ಹಂತಕ ತಿಗಣೆಗಳು, ಜೇಡಗಳು, ಕೆಂಪಿರುವೆಗಳು ಇವೆಯೆಂಬುದು ನಮಗೆ ಆಗ ಗೊತ್ತಿರಲಿಲ್ಲ; ತಿಳಿಸಿದವರೂ ಇರಲಿಲ್ಲ.

ಹಂತಕ ತಿಗಣೆಯೊಂದೇ ತೋಟವನ್ನು ಕಾಪಾಡೀತೆಂದು ನಾವು ಹೇಳುವುದಿಲ್ಲ. ಪೀಡೆ ಮಿತಿಮೀರಿದಾಗ ಕೃಷಿತಜ್ಞರ ಸಲಹೆಯನ್ನು ಕೇಳಲೇಬೇಕು. ಆದರೆ ಔಷಧಿಯ ಡಬ್ಬಿಗೆ ಕೈಹಾಕುವ ಮೊದಲು ಮಕ್ಕಳನ್ನು ಕರೆದುಕೊಂಡು ಒಂದು ಬೆಳಗ್ಗೆ ಹಿತ್ತಿಲನ್ನು ಸುತ್ತಿರಿ; ಕಂಡ ಕೀಟದ ಕುತ್ತಿಗೆಯನ್ನೂ ಕೊಕ್ಕನ್ನೂ ದೂರದಿಂದ ನೋಡಿರಿ. ಬೆರಳು ಬಾಯಿಸಿಕೊಂಡಿದ್ದ ನಮ್ಮ ಬಾಲಕನು ಮೊನ್ನೆ ಮತ್ತೆ ಬಂದಿದ್ದನು. ಕೈಯಲ್ಲಿ ಪೊಟ್ಟಣವಿರಲಿಲ್ಲ. “ಮಾಷ್ಟ್ರೇ, ಅದೇ ಮರದಲ್ಲಿ ಇನ್ನೊಂದು ಇದೆ. ಬಾಗಿದ ಕೊಕ್ಕು. ಹಾಗೆಯೇ ಬಿಟ್ಟು ಬಂದೆ” ಎಂದನು.