ಉಡ ನಾಲಿಗೆ ತೋರಿಸುವುದು ಯಾಕೆ?

“ಅಜ್ಜ, ಬೇಗ ಬನ್ನಿ, ಮೊಸಳೆ ಮರಿ ಬಂದಿದೆ!”

ಮೊಮ್ಮಗ ಕೂಗಿದಾಗ ನಾನು ಪೇಪರ್ ಓದುತ್ತಿದ್ದೆ. ಆಟಿಯ ಮಳೆ ಆಗಷ್ಟೇ ಬಿಟ್ಟಿತ್ತು. ಹಿತ್ತಿಲಿಗೆ ಹೋದರೆ, ಕೆಂಪುಕಲ್ಲಿನ ಕಂಪೌಂಡಿನ ಬುಡದಲ್ಲಿ ಮೂರಡಿ ಉದ್ದದ ಉಡ! ಮಂಗಳೂರಿನಲ್ಲಿ ಎಷ್ಟು ಫ್ಲ್ಯಾಟ್ ಎದ್ದರೂ ಹಳೆಯ ಹಿತ್ತಿಲುಗಳಲ್ಲಿ ಇವು ಇನ್ನೂ ಉಳಿದಿವೆ.

“ಅದು ನಮಗೆ ನಾಲಿಗೆ ತೋರಿಸ್ತಾ ಉಂಟಲ್ಲ ಅಜ್ಜ!”

ನಿಜವೇ. ಹಾವಿನದರಂತೆ ಸೀಳಿದ ಉದ್ದ ನಾಲಿಗೆಯನ್ನು ಚಾಚುವುದು, ಒಳಗೆಳೆಯುವುದು, ಎರಡು ಹೆಜ್ಜೆ ನಡೆಯುವುದು, ಮತ್ತೆ ಚಾಚುವುದು. ಅಷ್ಟರಲ್ಲಿ ಪಕ್ಕದ ಮನೆಯವರು ದೊಣ್ಣೆ ಹಿಡಿದು ಬಂದರು. “ನಾಲಿಗೆಯಲ್ಲಿ ವಿಷ ಉಂಟು ಮಾರಾಯ್ರೆ, ಮಕ್ಕಳಿರುವ ಮನೆ!”

“ಐದು ನಿಮಿಷ ತಡೆಯಿರಿ, ಏನು ಮಾಡುತ್ತದೆ ನೋಡುವ” ಎಂದೆ.

ಉಡ ಗೊಬ್ಬರದ ಗುಂಡಿಯ ಹತ್ತಿರ ನಿಂತಿತು. ನಾಲಿಗೆ ನಾಲ್ಕೈದು ಸಲ ಆಡಿಸಿ, ಒಂದೇ ಕಡೆ ಉಗುರಿನಿಂದ ಕೆರೆದು, ಹೆಬ್ಬೆರಳು ಗಾತ್ರದ ಬಿಳಿ ಹುಳವನ್ನು ಎಳೆದು ನುಂಗಿತು. ತೆಂಗಿನ ಸುಳಿ ಕೊರೆಯುವ ಕುರುವಾಯಿ ದುಂಬಿಯ ಮರಿಗಳು ಬೆಳೆಯುವುದೂ ಇಂಥ ಗೊಬ್ಬರದಲ್ಲೇ.

ಮಣ್ಣಿನೊಳಗಿನ ಹುಳ ಅದಕ್ಕೆ ಗೊತ್ತಾದದ್ದು ಹೇಗೆ? ಮಕ್ಕಳೇ, ಉಡ ನಾಲಿಗೆಯಿಂದ ವಾಸನೆ ಹಿಡಿಯುತ್ತದೆ. ಗಾಳಿಯಲ್ಲಿ, ನೆಲದ ಮೇಲೆ ಇರುವ ವಾಸನೆಯ ಕಣಗಳು ನಾಲಿಗೆಗೆ ಅಂಟುತ್ತವೆ. ಒಳಗೆಳೆದಾಗ ಅವು ಅಂಗಳದ ಎರಡು ಸಣ್ಣ ರಂಧ್ರಗಳ ಮೂಲಕ ಒಂದು ವಿಶೇಷ ಅಂಗಕ್ಕೆ ತಲುಪುತ್ತವೆ. ಅದರ ಹೆಸರು ಜೇಕಬ್ಸನ್ ಅಂಗ; ಇನ್ನೂರು ವರ್ಷಗಳ ಹಿಂದೆ ಅದನ್ನು ವಿವರಿಸಿದ ಡೆನ್ಮಾರ್ಕಿನ ವೈದ್ಯನ ಹೆಸರು.

ನಾಲಿಗೆ ಸೀಳಿರುವುದೂ ಸುಮ್ಮನೆ ಅಲ್ಲ. ಎಡತುದಿಗೆ ಸಿಕ್ಕ ವಾಸನೆ, ಬಲತುದಿಗೆ ಸಿಕ್ಕ ವಾಸನೆ ಎರಡನ್ನೂ ಹೋಲಿಸಿ, ಯಾವ ಕಡೆ ಜಾಸ್ತಿಯೋ ಆ ಕಡೆ ತಿರುಗುತ್ತದೆ. ಬ್ಯಾಂಕಿನಲ್ಲಿ ನಾವು ಜಮಾ-ಖರ್ಚು ತಾಳೆ ನೋಡುತ್ತಿದ್ದ ಹಾಗೆಯೇ. ನಮಗೆ ಸಂಜೆಗೊಮ್ಮೆ, ಅದಕ್ಕೆ ಹೆಜ್ಜೆಹೆಜ್ಜೆಗೂ! ಇಂಡೋನೇಷ್ಯಾದಲ್ಲಿರುವ ಇದರ ದೊಡ್ಡಣ್ಣ ಕೊಮೋಡೊ ಡ್ರ್ಯಾಗನ್, ಗಾಳಿ ಅನುಕೂಲವಾಗಿದ್ದರೆ 4 ಕಿ.ಮೀ. ದೂರದ ಸತ್ತ ಪ್ರಾಣಿಯನ್ನೂ ಹೀಗೆಯೇ ಪತ್ತೆ ಮಾಡುತ್ತದಂತೆ.

ನಮ್ಮ ಉಡದ ನಾಲಿಗೆಯಲ್ಲಿ ವಿಷವಿಲ್ಲ. ಹಿಡಿಯಲು ಹೋದರೆ ಕಚ್ಚೀತು, ಬಾಲದಿಂದ ಬಾರಿಸೀತು. ದೂರ ನಿಂತರೆ ತನ್ನಷ್ಟಕ್ಕೆ ಹೋಗುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹುಲಿ ಇರುವ ಮೊದಲನೆಯ ಪಟ್ಟಿಯಲ್ಲೇ ಇದೂ ಇದೆ. ಕೊಂದರೆ ಜೈಲು. ಇಷ್ಟು ಹೇಳಿದ ಮೇಲೆ ಪಕ್ಕದ ಮನೆಯವರು ದೊಣ್ಣೆಯನ್ನು ಗೋಡೆಗೆ ಒರಗಿಸಿದರು. “ನಮ್ಮ ಗೊಬ್ಬರದ ಗುಂಡಿಗೂ ಬರುತ್ತದಾ?” ಎಂದು ಕೇಳಿದರು.

ಸಂಜೆ ಮೊಮ್ಮಗ ಕಣ್ಣು ಮುಚ್ಚಿ, ನಾಲಿಗೆ ಚಾಚುತ್ತಾ ಅಡುಗೆಮನೆಯಲ್ಲಿ ಹಲಸಿನ ಹಪ್ಪಳದ ಡಬ್ಬಿ ಹುಡುಕಿದ. ಸಿಗಲಿಲ್ಲ. ಅವನ ಅಜ್ಜಿ ಅದನ್ನು ಅಟ್ಟದ ಮೇಲಿಟ್ಟಿದ್ದಳು.