ಹಳೆಯ ತೊಲೆಯ ಹೊಸ ಪೆಟ್ಟಿಗೆ: ಅಸಲು ಎಷ್ಟು?

ಹೂವಿನಹಡಗಲಿ ತಾಲ್ಲೂಕಿನ ಇಟ್ಟಿಗಿ ಹಾಗೂ ಸುತ್ತಲಿನ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ಸೀಮೆಯಲ್ಲಿ ಮಣ್ಣಿನ ಮಾಳಿಗೆಯ ಮನೆಗಳನ್ನು ಇಳಿಸಿ ಕಾಂಕ್ರೀಟ್ ಮನೆ ಕಟ್ಟುವುದು ಸಾಮಾನ್ಯವಾಗಿದೆ. ಇಳಿಸಿದ ಮನೆಯ ತೊಲೆ, ಜಂತೆ, ಕಂಬಗಳಿಗೆ ಬಹುತೇಕ ಸಿಗುವುದು ಉರುವಲಿನ ಬೆಲೆ. ಇನ್ನೊಂದೆಡೆ ಉಪಾಹಾರ ಗೃಹ, ಹೋಂಸ್ಟೇ, ಚಲನಚಿತ್ರದ ಸೆಟ್ಟುಗಳಲ್ಲಿ ಹಳೆಯ ಸೇನಾ ಸಾಮಗ್ರಿ ಪೆಟ್ಟಿಗೆಯ ಮಾದರಿಯನ್ನು ಮೇಜಾಗಿ, ಅಲಂಕಾರವಾಗಿ ಇಡುವ ರೂಢಿ ಬೆಳೆದಿದೆ. ಈ ಎರಡನ್ನೂ ಜೋಡಿಸಬಲ್ಲ ಬಡಗಿಗೆ ಇದೊಂದು ಉದ್ಯೋಗವಾಗಬಹುದು. ಆದರೆ ಹಳೆಯ ಮರ ಅಗ್ಗವೆಂಬ ನಂಬಿಕೆಯಲ್ಲೇ ನಷ್ಟದ ಮೂಲವಿದೆ.

ಸೇನಾ ಪೆಟ್ಟಿಗೆಯ ರೂಪ ಕೇವಲ ಅಂದಕ್ಕಾಗಿ ಹುಟ್ಟಿದ್ದಲ್ಲ. ಹೊರಮೈಯ ಅಡ್ಡಪಟ್ಟಿಗಳು ಹಲಗೆಗಳನ್ನು ಬಿಗಿಹಿಡಿಯುತ್ತವೆ. ಒಂದರ ಮೇಲೊಂದು ಒಟ್ಟಿದಾಗ ನಡುವೆ ಗಾಳಿಯಾಡಲು, ಕೈ ಹಾಕಲು ಎಡೆಯಾಗುತ್ತದೆ. ಎರಡು ತುದಿಗಳ ಹಗ್ಗದ ಹಿಡಿಗಳು ಇಬ್ಬರು ಎತ್ತುವ ಅನುಕೂಲಕ್ಕೆ. ಹತ್ತೊಂಬತ್ತನೇ ಶತಮಾನದಲ್ಲಿ ಬ್ರಿಟಿಷ್ ಸೇನೆಯ ಮಾರ್ಟಿನಿ-ಹೆನ್ರಿ ಬಂದೂಕಿನ 600 ತೋಟಾಗಳ ಪೆಟ್ಟಿಗೆಗೆ ತೇವ ತಾಗದಂತೆ ಒಳಗೆ ತಗಡಿನ ಅಸ್ತರಿಯಿತ್ತು; ಸರಿಯುವ ಮುಚ್ಚಳವನ್ನು ಒಂದೇ ತಿರುಪು ಹಿಡಿದಿತ್ತು. 1879ರ ಇಸಾಂಡಲ್ವಾನಾ ಕದನದಲ್ಲಿ ಈ ತಿರುಪುಗಳಿಂದಲೇ ತೋಟಾ ಸಿಗಲಿಲ್ಲವೆಂಬ ಕಥೆ ಬಹುಕಾಲ ಚಾಲ್ತಿಯಲ್ಲಿತ್ತು. ಒಂದು ಬಲವಾದ ಹೊಡೆತಕ್ಕೆ ಮುಚ್ಚಳ ಒಡೆದು ತೆರೆಯುತ್ತಿತ್ತೆಂಬುದು ಅನಂತರ ಸ್ಪಷ್ಟವಾಯಿತು. ಬಳ್ಳಾರಿಯೂ ಬ್ರಿಟಿಷರ ದಂಡಿನ ನೆಲೆಯಾಗಿದ್ದ ಊರೇ. ಗಿರಾಕಿ ಯಾವ ಕಾಲದ ಪೆಟ್ಟಿಗೆ ಕೇಳುತ್ತಿದ್ದಾನೆಂದು ಮೊದಲೇ ತಿಳಿದುಕೊಳ್ಳದಿದ್ದರೆ ಮಾಡಿದ್ದನ್ನು ಮತ್ತೆ ಬಿಚ್ಚಬೇಕಾದೀತು.

ಮರದ ವಿಷಯಕ್ಕೆ ಬರೋಣ. ದಶಕಗಳ ಕಾಲ ಸೂರಿನಡಿ ಒಣಗಿದ ತೊಲೆ ಹಸಿ ಮರದಂತೆ ಸೊಟ್ಟಗಾಗುವುದಿಲ್ಲ. ಇದೇ ಅದರ ದೊಡ್ಡ ಗುಣ. ಆದರೆ ಗೋಡೆಯೊಳಗಿದ್ದ ತುದಿಗಳನ್ನು ಗೆದ್ದಲು ತಿಂದಿರುತ್ತದೆ, ಮೊಳೆ ಬಡಿದ ಕಡೆ ಸೀಳಿರುತ್ತದೆ. ಒಳಗೆ ಮುರಿದು ಉಳಿದ ಒಂದು ಮೊಳೆ ಗರಗಸದ ಪಟ್ಟಿಯನ್ನೇ ಹಾಳು ಮಾಡಬಲ್ಲದಾದ್ದರಿಂದ, ಮರವನ್ನು ಸಾಮಿಲ್ಲಿಗೆ ಒಯ್ಯುವ ಮುನ್ನ ಲೋಹ ಪತ್ತೆ ಮಾಡುವ ಕೈಸಾಧನದಿಂದ ಪರೀಕ್ಷಿಸುವುದು ಮಿಗಿತಾಯ. ಹಳೆಯ ಬಣ್ಣದಲ್ಲಿ ಸೀಸವಿರುವ ಸಾಧ್ಯತೆಯಿದೆ. ಮನೆಬಳಕೆಯ ಬಣ್ಣಗಳಲ್ಲಿ ಸೀಸಕ್ಕೆ 90 ಪಿಪಿಎಂ ಮಿತಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅಂತಹ ಹಲಗೆಯನ್ನು ಮುಖಕ್ಕೆ ರಕ್ಷಣೆಯಿಲ್ಲದೆ ಒಣಗಿದಂತೆಯೇ ಉಜ್ಜಬಾರದು. ಆಮದು ಸರಕಿನ ಪ್ಯಾಲೆಟ್ ಮರವನ್ನು ಬಳಸುವವರು ಅದರ ಮುದ್ರೆಯನ್ನು ನೋಡಬೇಕು: ‘ಎಚ್‌ಟಿ’ ಎಂದರೆ ಮರದ ತಿರುಳು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಕಾದಿದೆ, ‘ಎಂಬಿ’ ಎಂದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲದ ಉಪಚಾರವಾಗಿದೆ. ಎರಡನೆಯದನ್ನು ಮನೆಯೊಳಗಿನ ವಸ್ತುವಿಗೆ ಬಿಡುವುದೇ ಲೇಸು.

ಈಗ ಲೆಕ್ಕ. 30 ಅಂಗುಲ ಉದ್ದ, 15 ಅಂಗುಲ ಅಗಲ, 12 ಅಂಗುಲ ಎತ್ತರದ ಪೆಟ್ಟಿಗೆಗೆ ಮುಕ್ಕಾಲು ಅಂಗುಲದ ಹಲಗೆ, ಅಡ್ಡಪಟ್ಟಿ ಎಲ್ಲ ಸೇರಿ ಸುಮಾರು 1 ಘನ ಅಡಿ ಸಿದ್ಧ ಮರ ಬೇಕು. ಉದಾಹರಣೆಗಾಗಿ ಹಳೆಯ ಮರದ ದರ ಘನ ಅಡಿಗೆ 800 ರೂ. ಎಂದಿಟ್ಟುಕೊಂಡರೆ, ಬಡಗಿ ಮರಕ್ಕೆ 800, ತನ್ನ ಒಂದೂವರೆ ದಿನಕ್ಕೆ 1,500, ಕೊಂಡಿ, ಬಿಜಾಗರಿ, ಹಗ್ಗಗಳಿಗೆ 400, ಬಣ್ಣಕ್ಕೆ 250, ಒಟ್ಟು 2,950 ಎಂದು ಬರೆದು, 3,500ಕ್ಕೆ ಮಾರಿ 550 ರೂ. ಉಳಿಯಿತೆನ್ನುತ್ತಾನೆ. ಆದರೆ ಅರ್ಧದಷ್ಟು ಮರ ವ್ಯರ್ಥವಾದರೆ ಕೊಳ್ಳಬೇಕಾದದ್ದು 2 ಘನ ಅಡಿ, ಅಂದರೆ 1,600 ರೂ. ಮೊಳೆ ಕೀಳಲು ಒಬ್ಬ ಆಳಿನ ದಿನಗೂಲಿ 700, ಸಾಗಣೆ ಹಾಗೂ ವಿದ್ಯುತ್ತಿಗೆ 200 ಸೇರಿಸಿದರೆ ಅಸಲು 4,650. ಮಾರಿದ ಪ್ರತಿ ಪೆಟ್ಟಿಗೆಗೂ 1,150 ರೂ. ಕೈಬಿಟ್ಟಿತು! ದರಗಳು ಊರೂರಿಗೆ ಬದಲಾಗುತ್ತವೆ. ವ್ಯರ್ಥದ ಪ್ರಮಾಣವನ್ನು ಮಾತ್ರ ಪ್ರತಿಯೊಬ್ಬನೂ ತನ್ನ ಮೊದಲ ಐದಾರು ಪೆಟ್ಟಿಗೆಗಳಲ್ಲಿ ತೂಗಿ ಬರೆದಿಟ್ಟುಕೊಳ್ಳಬೇಕು. ಉಳಿದ ತುಂಡುಗಳನ್ನು ಉರುವಲಿಗೆ ಮಾರಿದರೆ ಬರುವ ಹಣವನ್ನು ಅಸಲಿನಿಂದ ಕಳೆಯಲಡ್ಡಿಯಿಲ್ಲ.

ಹಳೆಯ ವಸ್ತುವನ್ನು ಕೊಂಡಂತೆಯೇ ಮಾರುವ ವ್ಯಾಪಾರಿಗೆ ಜಿಎಸ್‌ಟಿ ನಿಯಮ 32(5)ರಂತೆ, ಹೂಡುವಳಿ ತೆರಿಗೆ ಜಮೆ ಪಡೆಯದಿದ್ದರೆ, ಮಾರಾಟ ಮತ್ತು ಖರೀದಿ ಬೆಲೆಗಳ ಅಂತರಕ್ಕಷ್ಟೇ ತೆರಿಗೆ. ತೊಲೆ ಪೆಟ್ಟಿಗೆಯಾದ ಮೇಲೆ ವಸ್ತುವಿನ ಸ್ವರೂಪವೇ ಬದಲಾಗುವುದರಿಂದ ಈ ಅನುಕೂಲ ಸಿಗದು. ಸರಕು ಮಾರುವವರಿಗೆ ರಾಜ್ಯದೊಳಗೆ ನೋಂದಣಿಯ ಮಿತಿ ವಾರ್ಷಿಕ 40 ಲಕ್ಷ ರೂ. ವಹಿವಾಟು, ಹೈದರಾಬಾದಿನ ಗಿರಾಕಿಗೆ ಕಳಿಸಿದೊಡನೆ ಸಾಮಾನ್ಯವಾಗಿ ಈ ಮಿತಿ ಅನ್ವಯಿಸುವುದಿಲ್ಲ. ಅಧಿಸೂಚಿತ ಕರಕುಶಲ ವಸ್ತುಗಳ ವಿನಾಯಿತಿ ಬೇರೆ. ಮರದ ಪ್ಯಾಕಿಂಗ್ ಪೆಟ್ಟಿಗೆ 4415ರ ಶೀರ್ಷಿಕೆಯಲ್ಲಿ, ಪೀಠೋಪಕರಣ 9403ರಲ್ಲಿ ಬರುವುದರಿಂದ ಬಿಲ್ಲಿನಲ್ಲಿ ಏನೆಂದು ಬರೆಯುತ್ತೇವೆ ಎಂಬುದೂ ಮುಖ್ಯ.

ಮರ ಕೊಳ್ಳುವಾಗ ಮನೆಯ ಯಜಮಾನನಿಂದ ಸಹಿ ಮಾಡಿಸಿದ ಚೀಟಿ ಪಡೆಯಬೇಕು. ತೇಗ, ಬೀಟೆಗಳಿದ್ದರೆ ಸಾಗಿಸುವ ಮುನ್ನ ವಲಯ ಅರಣ್ಯ ಕಚೇರಿಯಲ್ಲಿ ರಹದಾರಿಯ ಬಗ್ಗೆ ವಿಚಾರಿಸಬೇಕು. ನೂರು ವರ್ಷ ದಾಟಿದ ಕೆತ್ತನೆಯ ಬಾಗಿಲು 1972ರ ಪ್ರಾಚ್ಯವಸ್ತು ಕಾಯ್ದೆಯ ವ್ಯಾಪ್ತಿಗೆ ಬರಬಹುದು. ಅದನ್ನು ಕೊಯ್ದು ಹಲಗೆ ಮಾಡುವುದಂತೂ ಅನ್ಯಾಯ. ಪೆಟ್ಟಿಗೆಯ ಮೇಲೆ ಅಕ್ಷರ, ಅಂಕಿ ಅಚ್ಚೊತ್ತಬಹುದಾದರೂ ನಾಲ್ಕು ಸಿಂಹಗಳ ರಾಷ್ಟ್ರ ಲಾಂಛನವನ್ನು ವ್ಯಾಪಾರಕ್ಕೆ ಬಳಸುವುದನ್ನು 2005ರ ಕಾಯ್ದೆ ನಿಷೇಧಿಸಿದೆ. ತಳಭಾಗದಲ್ಲಿ ತಯಾರಕನ ಹೆಸರು, ವರ್ಷ ಮತ್ತು ‘ಪ್ರತಿಕೃತಿ’ ಎಂಬ ಪದವನ್ನು ಸುಟ್ಟು ಅಚ್ಚೊತ್ತಿದರೆ, ಮುಂದೆ ಯಾರಾದರೂ ಅದನ್ನೇ ಅಸಲಿ ಸೇನಾ ಪೆಟ್ಟಿಗೆಯೆಂದು ಮಾರಲು ಹೊರಟಾಗ ದೂರು ಬಡಗಿಯ ಬಾಗಿಲಿಗೆ ಬರುವುದಿಲ್ಲ.